ಒಣಗದ ದೋಣಿ

ನಾನು ಕೆಲಸ ಮಾಡುವುದು ಬ್ರಹ್ಮಾವರದ ಹತ್ತಿರದ ಒಂದು ಲ್ಯಾಬಿನಲ್ಲಿ. ನಮ್ಮ ಕಡೆ ಲ್ಯಾಬ್ ಅಂದರೆ ರಕ್ತ ತೆಗೆಯುವ ಜಾಗ ಎಂದೇ ಲೆಕ್ಕ. ಬೆಳಿಗ್ಗೆ ಕುಂದಾಪುರದಲ್ಲಿ ಬಸ್ಸು ಹತ್ತಿದರೆ ಪಕ್ಕ ಕೂತ ಹೆಂಗಸರು ಮೊದಲು ಮನೆ ಎಲ್ಲಿ ಎಂದು ಕೇಳುತ್ತಾರೆ, ಆಮೇಲೆ ಕೆಲಸ ಏನೆಂದು ಕೇಳುತ್ತಾರೆ, ಕೋಟೇಶ್ವರ ದಾಟುವಷ್ಟರಲ್ಲಿ ತಮ್ಮ ಶುಗರ್ ಎಷ್ಟಿದೆ ಎಂದು ಹೇಳಿ ಮುಗಿಸಿರುತ್ತಾರೆ. ನಾನು ಮನುಷ್ಯರನ್ನಲ್ಲ, ವಸ್ತುಗಳನ್ನು ಪರೀಕ್ಷೆ ಮಾಡುವವಳು ಎಂದರೆ ಅವರ ಮುಖ ಬಾಡುತ್ತದೆ. ವಸ್ತುವಿಗೆ ಎಂತ ಕಾಯಿಲೆ ಬರುತ್ತದೆ ಎಂದು ಒಬ್ಬಾಕೆ ಕೇಳಿಯೇ ಬಿಟ್ಟಿದ್ದಳು.

ಬರುತ್ತದೆ. ತೆಂಗಿನೆಣ್ಣೆಗೆ ತಾಳೆ ಎಣ್ಣೆ ಬೆರೆತಿರುತ್ತದೆ, ನೀರಿನ ಪೈಪು ಒಂದೇ ಬೇಸಗೆಗೆ ಬಿಸ್ಕೆಟಿನ ಹಾಗೆ ಮುರಿಯುತ್ತದೆ, ಗೋಡೆಯ ಬಣ್ಣ ಸಿಪ್ಪೆ ಏಳುತ್ತದೆ. ಅವುಗಳ ಚೂರು ನಮ್ಮ ಮೇಜಿಗೆ ಬರುತ್ತದೆ. ನಮ್ಮಲ್ಲಿ ಮೂರು ದೊಡ್ಡ ಯಂತ್ರಗಳಿವೆ. ಯಂತ್ರಗಳಿರುವ ಕೋಣೆಗೆ ಎ.ಸಿ. ಇದೆ, ನಾವು ಊಟ ಮಾಡುವ ಕೋಣೆಗೆ ಫ್ಯಾನು, ಅದೂ ತಿರುಗುವುದಕ್ಕಿಂತ ಹೆಚ್ಚು ನರಳುತ್ತದೆ. ಹಾಗಾಗಿ ನಾನು ಯಾವ ನೆಪ ಸಿಕ್ಕಿದರೂ ಯಂತ್ರದ ಕೋಣೆಯಲ್ಲೇ ಇರುವವಳು. ಮನೆಗೆ ಬಂದರೂ ಅವುಗಳದ್ದೇ ಮಾತು. ನನ್ನ ಯಂತ್ರಕ್ಕೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ, ಅದರೆದುರು ಯಾರ ಆಟವೂ ನಡೆಯುವುದಿಲ್ಲ ಎಂದು ಕೊಚ್ಚಿಕೊಳ್ಳುವುದು ನನ್ನ ಚಾಳಿ. ಮನೆಯವರಿಗೆ ಕೇಳಿ ಕೇಳಿ ಸಾಕಾಗಿತ್ತು.

ಮನೆ ಅಂದರೆ ಗುಲ್ವಾಡಿಯಲ್ಲಿ, ಹೊಳೆಯ ದಂಡೆಯಲ್ಲಿ. ಅಮ್ಮ ಮತ್ತು ನಾನು. ಪಕ್ಕದಲ್ಲೇ ಇನ್ನೊಂದು ಮನೆ ಕಟ್ಟಿಕೊಂಡು ಅಕ್ಕ ಮತ್ತು ಭಾವ. ಭಾವ ಹರೆಯವನ್ನೆಲ್ಲ ಬಾಂಬೆಯ ಹೋಟೆಲಿನಲ್ಲಿ ಕಳೆದವರು. ಅಡುಗೆಮನೆಯ ಬಿಸಿಗೆ ಬೇಸತ್ತು ಊರಿಗೆ ಬಂದು, ದೋಣಿಗಳಿಗೆ ಫೈಬರ್ ಹಾಕುವ ಕೆಲಸ ಕಲಿತು, ನಮ್ಮದೇ ಹಿತ್ತಿಲಿನ ಮೂಲೆಯಲ್ಲಿ ಹೊಳೆಗೆ ಮುಖ ಮಾಡಿ ಒಂದು ಶೆಡ್ಡು ಕಟ್ಟಿದರು. ಹೆಂಡತಿಯ ತವರಿನ ಹಿತ್ತಿಲಲ್ಲಿ ಅಂಗಡಿ ಇಟ್ಟವ ಎಂದು ಊರು ಆಡಿಕೊಂಡಿತು. ಭಾವ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಜನವಲ್ಲ. "ಚಲೇಗಾ", ನಡೆಯುತ್ತದೆ ಬಿಡಿ, ಎಂದು ನಕ್ಕುಬಿಡುತ್ತಿದ್ದರು.

ಮರದ ದೋಣಿಗೆ ಫೈಬರ್ ಹಾಕುವುದು ಎಂದರೆ ಅದಕ್ಕೆ ಗಟ್ಟಿಯಾದ ಅಂಗಿ ತೊಡಿಸುವುದು. ಮರವನ್ನು ಕೆರೆಸಿ, ಬಿಸಿಲಿಗೆ ಒಣಗಿಸಿ, ಗಾಜಿನ ನೂಲಿನ ಚಾಪೆ ಹಾಸಿ, ಅದರ ಮೇಲೆ ರೆಸಿನ್ ಎಂಬ ಅಂಟು ಹಚ್ಚುತ್ತಾರೆ. ರೆಸಿನ್ನಿಗೆ ಒಂದಿಷ್ಟು ಹಾರ್ಡ್ನರ್ ಬೆರೆಸಿದರೆ ಅದು ತಾನಾಗಿಯೇ ಬಿಸಿಯಾಗಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ದೋಣಿಗೆ ನೀರೂ ಹೊಗುವುದಿಲ್ಲ, ಹುಳವೂ ಹಿಡಿಯುವುದಿಲ್ಲ. ಭಾವ ಮಾಡಿದ ಮೊದಲ ಕೆಲಸಗಳು ಚೆನ್ನಾಗಿಯೇ ಆದವು. ಬೀಜಾಡಿಯಿಂದ, ಮರವಂತೆಯಿಂದ ಜನ ಕೇಳಿಕೊಂಡು ಬರತೊಡಗಿದರು. ಅಕ್ಕನ ಮುಖದಲ್ಲಿ ಒಂದು ಕಳೆ ಬಂತು.

ಆಗ ಬಂದದ್ದು ಈ ದೋಣಿ. ಅದು ಒಂದು ಕಾಲದಲ್ಲಿ ನಮ್ಮದೇ. ಸೇತುವೆ ಆಗುವ ಮೊದಲು ಅಪ್ಪಯ್ಯ ಅದರಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದರು. ಅಪ್ಪಯ್ಯ ತೀರಿಕೊಂಡ ಮೇಲೆ ಅಮ್ಮ ಅದನ್ನು ಮರವಂತೆ ಕಡೆಯ ಒಬ್ಬರಿಗೆ ಮಾರಿದಳು. ಅವರು ಅಪ್ಪಯ್ಯನ ಪರಿಚಯದವರು, ಅಪ್ಪಯ್ಯನನ್ನು ಅಣ್ಣ ಎಂದೇ ಕರೆಯುತ್ತಿದ್ದವರು, ಹೊಳೆಯಲ್ಲಿ ಬಲೆ ಹಾಕಿ ಜೀವನ ಮಾಡುವವರು. ಮಳೆಗಾಲದಲ್ಲಿ ಕಡಲು ಮುಚ್ಚಿದಾಗ ಹೊಳೆಯ ಮೀನಿಗೇ ಬೆಲೆ. ಅಷ್ಟರೊಳಗೆ ದೋಣಿ ಸಿದ್ಧವಾಗಬೇಕು ಎಂದು ಅವರು ಬೇಸಗೆಯಲ್ಲೇ ಟೆಂಪೋದಲ್ಲಿ ಹಾಕಿಕೊಂಡು ಬಂದು ನಮ್ಮ ಹಿತ್ತಿಲಲ್ಲಿ ಕವುಚಿ ಇಟ್ಟು ಹೋದರು. ಅಮ್ಮ ಜಗಲಿಯಿಂದ ಇಳಿದು ಹೋಗಿ ಅದರ ಸುತ್ತ ಒಂದು ಸುತ್ತು ಹಾಕಿದಳು. ಭಾವ ಹಲಗೆಯ ಮೇಲಿನ ಹಳೆಯ ಕಪ್ಪನ್ನೆಲ್ಲ ಕೆರೆಸಿ ತೆಗೆದು ಬಿಸಿಲಿಗೆ ಬಿಟ್ಟರು, ಚೆನ್ನಾಗಿ ಒಣಗಿದ ಮೇಲೆ ಫೈಬರ್ ಹಾಕಿದರು.

ಅದು ಗಟ್ಟಿಯಾಗಲಿಲ್ಲ.

ಮರುದಿನ ಮುಟ್ಟಿದರೆ ಅಂಟು. ಅದರ ಮರುದಿನವೂ ಅಂಟು. ಬಿಸಿಲಿಗೆ ಸರಿಹೋಗುತ್ತದೆ ಎಂದರು ಭಾವ. ಬಿಸಿಲು ಬೇಕಾದಷ್ಟಿತ್ತು, ದೋಣಿ ಮಾತ್ರ ಹಲಸಿನ ಮೇಣದ ಹಾಗೆ ಕೂತಿತ್ತು. ನೊಣ, ಒಣ ಎಲೆ, ನಮ್ಮ ಕೋಳಿಯ ಪುಕ್ಕ ಎಲ್ಲ ಅಂಟಿಕೊಂಡು ನೋಡುವವರಿಗೆ ನಗೆಪಾಟಲು. ಅಂಗೈ ಒತ್ತಿ ನೋಡಿದರೆ ಒಂದೊಂದು ಕಡೆ ಮೇಲ್ಪದರ ಜಾರುತ್ತಿತ್ತು.

ದೋಣಿಯವರು ಬಂದು ನೋಡಿ ಕೆಂಡವಾದರು. ನಮ್ಮ ಅಂಗಳದಲ್ಲಿ ಹೆಚ್ಚೇನೂ ಹೇಳಲಿಲ್ಲ, ಹೇಳಿದ್ದೆಲ್ಲ ಮರವಂತೆಯ ಮೀನು ಮಾರುವ ಜಾಗದಲ್ಲಿ. "ಹಾರ್ಡ್ನರ್ ಉಳ್ಸುಕೆ ಹೋಯಿ ನನ್ ದೋಣಿ ಹಾಳ್ ಮಾಡ್ದ. ಹೋಟ್ಲಂಗೆ ಸಾಂಬಾರಿಗೆ ನೀರ್ ಹೊಯ್ದ್ ಅಭ್ಯಾಸ ಅಲ್ದಾ" ಎಂದರಂತೆ. ಹಾರ್ಡ್ನರ್ ದುಬಾರಿ, ಅದನ್ನು ಕಡಿಮೆ ಹಾಕಿ ಮೋಸ ಮಾಡುವವರು ಇದ್ದಾರೆ ಎಂಬುದು ಎಲ್ಲರಿಗೂ ಗೊತ್ತು. ಮಾತು ಬಸ್ಸಿಗಿಂತ ಮೊದಲು ಬೀಜಾಡಿ ತಲುಪಿತು. ದೋಣಿ ತರುತ್ತೇನೆ ಎಂದಿದ್ದವರು ಮಳೆಗಾಲ ಕಳೆಯಲಿ ಎಂದರು. ಇನ್ನೊಬ್ಬರು ಫೋನೇ ಎತ್ತಲಿಲ್ಲ. ಶೆಡ್ಡು ಖಾಲಿಯಾಗಿ ಆ ಒಂದು ಅಂಟು ದೋಣಿ ಮಾತ್ರ ಉಳಿಯಿತು. ಬಾಂಬೆಯಿಂದ ಹಳೆಯ ಹೋಟೆಲಿನ ಸೇಟು ಫೋನ್ ಮಾಡಿ ಕೆಲಸಕ್ಕೆ ಬರುತ್ತೀಯಾ ಎಂದು ಕೇಳಿದ್ದನ್ನು ಅಕ್ಕ ಕೇಳಿಸಿಕೊಂಡಳು. ಅವತ್ತು ಅವಳು ನನ್ನ ಹತ್ತಿರ ಬಂದಳು.

"ಊರಿನ್ ಎಣ್ಣಿ ಎಲ್ಲ ಕಾಂತ್ ಅಂದೇಳಿ ಹೇಳ್ತೆ ಅಲ್ದಾ ನಿನ್ ಮಿಷನ್? ನಿನ್ ಭಾವನ ಅಂಟ್ ಕಾಂಬುಕೆ ಆತಿಲ್ಯಾ?" ಎಂದಳು, ಅದನ್ನೂ ಪರೀಕ್ಷೆ ಮಾಡಿ ನೋಡು ಎನ್ನುವ ಹಾಗೆ. "ಅವ್ರ್ ಇನ್ನೊಂದ್ ಸರ್ತಿ ಬಾಂಬೆಗ್ ಹೋರೆ ತಿರ್ಗಿ ಬಪ್ಪುದಿಲ್ಲ."

ನನಗೂ ಸಿಟ್ಟೇ ಬಂದಿತ್ತು. ನನ್ನ ಸಿಟ್ಟು ಊರಿನ ಮೇಲೆ. ನಮ್ಮವರಿಗೆ ಒಂದು ವಸ್ತುವನ್ನು ನೋಡಿದೊಡನೆ ತೀರ್ಪು ಹೇಳದಿದ್ದರೆ ಊಟ ಸೇರುವುದಿಲ್ಲ. ಮುಟ್ಟಿ ನೋಡಿದ್ದಾಯಿತು, ಮೂಸಿ ನೋಡಿದ್ದಾಯಿತು, ಹಾರ್ಡ್ನರ್ ಕಡಿಮೆ ಎಂದದ್ದಾಯಿತು. ಮುಗಿಯಿತು ನ್ಯಾಯ. ಇರಲಿ, ನಾನು ತೋರಿಸುತ್ತೇನೆ ಎಂದು ಸಣ್ಣ ಚಾಕು, ಗಾಜಿನ ಶೀಸೆ ಹಿಡಿದುಕೊಂಡು ಶೆಡ್ಡಿಗೆ ಹೋದೆ.

ವಿಚಿತ್ರವೆಂದರೆ ಭಾವನಿಗೇ ಮನಸ್ಸಿರಲಿಲ್ಲ.

"ಅದೆಲ್ಲ ಎಂತಕ್ಕೆ ಮಾರಾಯ್ತಿ? ಸುಮ್ನೆ ಖಾಲಿಪೀಲಿ ಟೆನ್ಶನ್" ಎಂದರು. "ಇದನ್ ಕೆರ್ಸಿ ತೆಗ್ದ್ ಇನ್ನೊಂದ್ ಸರ್ತಿ ಹಾಕ್ತೆ."

"ಹಾಂಗ್ ಮಾಡಿರೆ ತಪ್ಪ್ ನಿಮ್ದೇ ಅಂದ್ಹಾಂಗ್ ಆತ್ತಲೆ ಭಾವ."

"ಆಯ್ಲಿ ಬಿಡ್. ನನ್ ಹೆಸ್ರೆಂತ ಚಿನ್ನದ್ದಾ?"

ಹೆಸರು ಚಿನ್ನದ್ದಲ್ಲದಿರಬಹುದು, ಅಕ್ಕನ ಮುಖ ನೋಡಿದರೆ ಹಾಗನ್ನಲಿಕ್ಕೆ ಆಗುತ್ತಿರಲಿಲ್ಲ. ನಾನು ಬಿಡಲಿಲ್ಲ. ಅಕ್ಕ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು, ಹಾಗಾಗಿ ಭಾವನೂ ಸುಮ್ಮನಾದರು. ದೋಣಿಯ ಹೊರಮೈಯಿಂದ, ಮರಕ್ಕೆ ತಾಗಿದ ಒಳಪದರದಿಂದ, ಬಕೆಟಿನ ತಳದಲ್ಲಿ ಉಳಿದಿದ್ದ ರೆಸಿನ್ನಿನಿಂದ ಒಂದೊಂದು ಚೂರು ತೆಗೆದೆ. ಮರದಿಂದಲೂ ಒಂದಿಷ್ಟು ಹೆರೆದುಕೊಂಡೆ, ಹೊರಗಿನಿಂದ, ದೋಣಿಯ ಒಳಗಿನಿಂದ. ಭಾವನ ಹಿಂಜರಿಕೆ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ನಿಜಕ್ಕೂ ಹಾರ್ಡ್ನರ್ ಉಳಿಸಿದ್ದರೋ ಏನೋ ಎಂದು ಬಸ್ಸಿನಲ್ಲಿ ಒಂದು ಕ್ಷಣ ಅನ್ನಿಸಿತು.

ನಮ್ಮ ಲ್ಯಾಬಿನ ಮುಖ್ಯಸ್ಥರು ಸಜ್ಜನರು, ಆದರೆ ಚೂರು ಕರಗಿಸುವ ಸಾಲ್ವೆಂಟನ್ನು ತಮ್ಮ ಸ್ವಂತ ತುಪ್ಪದ ಹಾಗೆ ಕಾಯುವವರು. ಸಂಜೆ ಯಂತ್ರ ಖಾಲಿ ಇದ್ದಾಗ ಮಾಡಿಕೊಳ್ಳಿ, ಕೈ ಹಿಡಿದು ಬಳಸಿ ಎಂದರು.

ಮೊದಲು ಶಾಖ ಅಳೆಯುವ ಯಂತ್ರ. ಅದರಲ್ಲಿ ಉಗುರಿನಷ್ಟು ಚಿಕ್ಕ ಎರಡು ತಟ್ಟೆಗಳು. ಒಂದರಲ್ಲಿ ಚೂರು, ಇನ್ನೊಂದು ಖಾಲಿ. ಎರಡನ್ನೂ ಒಟ್ಟಿಗೆ ನಿಧಾನವಾಗಿ ಕಾಯಿಸುತ್ತಾ ಹೋದರೆ ಯಾವುದು ಹೆಚ್ಚು ಬಿಸಿ ಬಿಡುತ್ತದೆ, ಯಾವುದು ಹೀರುತ್ತದೆ ಎಂದು ಅದು ಗೆರೆ ಎಳೆದು ತೋರಿಸುತ್ತದೆ. ಇದನ್ನು ಒಮ್ಮೆ ಅಮ್ಮನಿಗೆ ವಿವರಿಸಿದಾಗ ಅವಳು ಬೆಚ್ಚಿಬಿದ್ದಿದ್ದಳು. "ಖಾಲಿ ಪಾತ್ರಿ ಒಲಿ ಮೇಲಿಡುದಾ? ಅದೆಂತ ಓದ್ ನಿಂದ್" ಎಂದಿದ್ದಳು. ಬಕೆಟಿನ ಚೂರು ಹಾಕಿದೆ. ಗೆರೆ ನೇರವಾಗಿ, ಸದ್ದಿಲ್ಲದೆ ಹೋಯಿತು. ಅಂದರೆ ಅದು ಆಗಲೇ ಪೂರ್ತಿ ಗಟ್ಟಿಯಾಗಿದೆ, ಇನ್ನು ಬಿಡಲಿಕ್ಕೆ ಬಿಸಿ ಉಳಿದಿಲ್ಲ. ದೋಣಿಯ ಚೂರು ಹಾಕಿದೆ. ಗೆರೆ ದೊಡ್ಡದೊಂದು ದಿಬ್ಬ ಹತ್ತಿ ಇಳಿಯಿತು. ಗಟ್ಟಿಯಾಗುವ ಕೆಲಸ ಅರ್ಧಕ್ಕೇ ನಿಂತುಹೋಗಿತ್ತು, ನಾನು ಕಾಯಿಸಿದ ಮೇಲೆ ಅದು ಮುಂದುವರಿದಿತ್ತು. ಒಂದೇ ಬಕೆಟಿನ ರೆಸಿನ್, ಬಕೆಟಿನಲ್ಲಿ ಗಟ್ಟಿ, ದೋಣಿಯಲ್ಲಿ ಅಂಟು. ನನಗೆ ಖುಷಿಯಾಯಿತು. ಆದರೆ ಅದು ಅದೇ ಬಕೆಟು ಎನ್ನುವುದಕ್ಕೆ ಸಾಕ್ಷಿ ಏನು ಎಂದು ದೋಣಿಯವರು ಕೇಳುವುದು ಖಂಡಿತ.

ಎರಡನೆಯದು ಕಣ್ಣಿಗೆ ಕಾಣದ ಬೆಳಕು ಹಾಯಿಸುವ ಯಂತ್ರ. ವಸ್ತುವಿನೊಳಗಿನ ಒಂದೊಂದು ಬಗೆಯ ಕೊಂಡಿಯೂ ಒಂದೊಂದು ಬಗೆಯ ಬೆಳಕನ್ನು ನುಂಗುತ್ತದೆ. ಯಾವ ಬೆಳಕು ಕಾಣೆಯಾಯಿತು ಎಂದು ನೋಡಿ ಒಳಗೆ ಏನಿದೆ ಎಂದು ಹೇಳಬಹುದು. ರೆಸಿನ್ ಗಟ್ಟಿಯಾದಾಗ ಕೆಲವು ಕೊಂಡಿಗಳು ಮಾಯವಾಗಬೇಕು. ದೋಣಿಯ ಹೊರಮೈಯ ಚೂರಿನಲ್ಲಿ ಬಹಳಷ್ಟು ಮಾಯವಾಗಿದ್ದವು. ಮರಕ್ಕೆ ತಾಗಿದ ಒಳಪದರದಲ್ಲಿ ಹಾಗೆಹಾಗೇ ಇದ್ದವು.

ಇಲ್ಲಿ ನಾನು ಕುರ್ಚಿಯಿಂದ ಎದ್ದು ನಿಂತೆ. ಹಾರ್ಡ್ನರ್ ಕಡಿಮೆಯಾಗಿದ್ದರೆ ಮೇಲೆ ಕೆಳಗೆ ಎಲ್ಲ ಕಡೆ ಒಂದೇ ಥರ ಅಂಟಾಗಿರಬೇಕು. ಸಾಲದ್ದಕ್ಕೆ ಗಾಳಿ ತಾಗುವ ಹೊರಮೈಯೇ ತಡವಾಗಿ ಗಟ್ಟಿಯಾಗುವುದು ರೆಸಿನ್ನಿನ ಸ್ವಭಾವ. ಇಲ್ಲಿ ಉಲ್ಟಾ. ತೊಂದರೆ ಬಂದದ್ದು ಮರದ ಕಡೆಯಿಂದ. ಭಾವನ ಮೇಲೆ ಅನುಮಾನಪಟ್ಟದ್ದಕ್ಕೆ ನನ್ನ ತಲೆಗೆ ನಾನೇ ಮೊಟಕಿಕೊಂಡೆ.

ಮರದಲ್ಲಿ ಏನಿತ್ತು ಎಂದು ಹೇಳಬೇಕಾದ್ದು ಮೂರನೆಯ ಯಂತ್ರ, ಕ್ರೊಮ್ಯಾಟೋಗ್ರಾಫ್. ಅದರೊಳಗೆ ಕೂದಲಿನಷ್ಟು ಸಣ್ಣ, ತುಂಬ ಉದ್ದನೆಯ ನಳಿಗೆ ಸುರುಳಿ ಸುತ್ತಿಕೊಂಡಿರುತ್ತದೆ. ಬೆರಕೆಯನ್ನು ಆವಿ ಮಾಡಿ ಒಂದು ತುದಿಯಿಂದ ಬಿಟ್ಟರೆ ಇನ್ನೊಂದು ತುದಿಯಲ್ಲಿ ಒಂದೊಂದಾಗಿ ಹೊರಬರುತ್ತವೆ. ಬೈಂದೂರಿನಿಂದ ಹೊರಟ ಬಸ್ಸಿನಲ್ಲಿ ಚೀಲವಿಲ್ಲದವರು ಮೊದಲ ಸ್ಟಾಪುಗಳಲ್ಲೇ ಟಣ್ಣನೆ ಇಳಿಯುತ್ತಾರೆ, ಮೂಟೆ ಹೊತ್ತವರು ಕೊನೆಯವರೆಗೆ ಸೀಟು ಬಿಡುವುದಿಲ್ಲ. ಹಾಗೆಯೇ ಇದೂ. ಒಳಪದರವನ್ನು ಸಾಲ್ವೆಂಟಿನಲ್ಲಿ ನೆನೆಸಿ, ಸೋಸಿ, ಒಂದು ಹನಿ ಬಿಟ್ಟೆ. ರೆಸಿನ್ನಿನ ಬಾಬತ್ತು ಬೇಗ ಬೇಗ ಬಂದು ಹೋಯಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಇನ್ನೇನು ಮುಗಿಯಿತು ಎನ್ನುವಾಗ, ಕೊನೆಯಲ್ಲಿ, ಪರದೆಯ ಗೆರೆಯಲ್ಲಿ ಒತ್ತೊತ್ತಾಗಿ ಕೆಲವು ಶಿಖರಗಳು ಎದ್ದವು.

ಆ ಶಿಖರಗಳ ಗುರುತು ನನಗೆ ಚೆನ್ನಾಗಿಯೇ ಇತ್ತು. ಬೈಂದೂರು ಕಡೆಯ ಒಂದು ಗೇರುಬೀಜದ ಕಾರ್ಖಾನೆಯವರು ಸಿಪ್ಪೆಯಿಂದ ತೆಗೆದ ಎಣ್ಣೆಯನ್ನು ಪರೀಕ್ಷೆಗೆ ಕಳಿಸುತ್ತಲೇ ಇರುತ್ತಾರೆ. ಅದೇ ಗುಂಪು, ಅದೇ ಜಾಗ. ಆದರೂ ಅವರ ಉಳಿದ ಎಣ್ಣೆಯನ್ನು ಒಂದು ಹನಿ ಬಿಟ್ಟು ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಎರಡೂ ಸರಿಯಾಗಿ ಕೂತವು. ಗೇರೆಣ್ಣೆ. ನಮ್ಮ ಕಡೆ ಮರದ ದೋಣಿಗೆ, ಬಾಗಿಲ ಚೌಕಟ್ಟಿಗೆ, ಹುಳ ಹಿಡಿಯದ ಹಾಗೆ ತಲೆತಲಾಂತರದಿಂದ ಹಚ್ಚುವ ಕಪ್ಪು ಎಣ್ಣೆ. ಮರಕ್ಕೆ ಅಮೃತ. ರೆಸಿನ್ನಿಗೆ ಮಾತ್ರ ಅದು ತಾಗಿದರೆ ಹಾರ್ಡ್ನರ್ ಎಷ್ಟು ಸುರಿದರೂ ಗಟ್ಟಿಯಾಗಲು ಬಿಡುವುದಿಲ್ಲ.

ಅಪ್ಪಯ್ಯನ ಕಾಲದ ಹಳೆಯ ಎಣ್ಣೆಯೇ ಇದು ಎಂದು ಮೊದಲು ಅಂದುಕೊಂಡೆ. ಆದರೆ ಹಳೆಯ ಗೇರೆಣ್ಣೆ ಮರದಲ್ಲೇ ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ, ಸಾಲ್ವೆಂಟಿಗೆ ಇಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಇದು ಧಾರಾಳವಾಗಿ ಬಂದಿತ್ತು. ದೋಣಿಯ ಒಳಗಿನಿಂದ ಹೆರೆದ ಮರದಲ್ಲಿ ಹೆಸರಿಗೂ ಇರಲಿಲ್ಲ. ಹೊರಗಿನಿಂದ ಹೆರೆದದ್ದರಲ್ಲಿ ಮೇಲೆ ಮೇಲೆ ತುಂಬಿತ್ತು. ಅಂದರೆ ಭಾವ ಕೆರೆಸಿ ಒಣಗಿಸಿದ ಮೇಲೆ, ಫೈಬರ್ ಹಾಕುವ ಮೊದಲು, ಯಾರೋ ಹೊಸದಾಗಿ ಹೊರಮೈಗೆ ಎಣ್ಣೆ ಹಚ್ಚಿದ್ದರು. ಆಗ ದೋಣಿ ಇದ್ದದ್ದು ನಮ್ಮ ಹಿತ್ತಿಲಲ್ಲಿ.

ಪ್ರಿಂಟ್ ತೆಗೆದು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ದೋಣಿ ಇಟ್ಟು ಹೋದ ಮೇಲೆ ಫೈಬರ್ ಹಾಕುವವರೆಗೆ ದೋಣಿಯವರು ಈ ಕಡೆ ತಲೆ ಹಾಕಿರಲಿಲ್ಲ. ಭಾವ ತನ್ನ ಹೊಟ್ಟೆಯ ಮೇಲೆ ತಾನೇ ಹೊಡೆದುಕೊಳ್ಳುವವರಲ್ಲ. ಅಕ್ಕನಿಗೆ, ಬಾಗಿಲಿಗೆ ಹಚ್ಚಲೆಂದು ಮನೆಯಲ್ಲಿಟ್ಟ ಗೇರೆಣ್ಣೆಯ ಡಬ್ಬ ಎಲ್ಲಿದೆ ಎಂದೇ ಗೊತ್ತಿಲ್ಲ. ಡಬ್ಬ ಎಲ್ಲಿದೆ ಎಂದು ಗೊತ್ತಿರುವ ಜನ ನಮ್ಮ ಮನೆಯಲ್ಲಿ ಒಬ್ಬಳೇ. ಹೊರಗೆ ನೋಡುತ್ತಾ ಕೂತೆ, ಪಕ್ಕದ ಹೆಂಗಸು ಬಿಪಿಯ ವಿಷಯ ಏನೋ ಹೇಳುತ್ತಿದ್ದಳು.

ಅಮ್ಮ ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಅಮ್ಮ, ಕೈ ತೋರ್ಸ್."

"ಎಂತಕ್ಕೆ?"

"ತೋರ್ಸ್."

ಗೇರೆಣ್ಣೆ ಚರ್ಮವನ್ನು ಸುಡುತ್ತದೆ. ತೆಂಗಿನೆಣ್ಣೆ ಸವರಿಕೊಂಡು ಹಚ್ಚಿದರೂ ಪೂರ್ತಿ ಬಿಡುವುದಿಲ್ಲ. ಅಮ್ಮನ ಬೆರಳ ಸಂದಿಯಲ್ಲಿ ಚರ್ಮ ಎದ್ದು ಸುಲಿದಿತ್ತು, ಉಗುರಿನ ಬುಡ ಇನ್ನೂ ಕಪ್ಪು. ಇಷ್ಟು ದಿನ ಒಂದೇ ಮನೆಯಲ್ಲಿದ್ದು ಅವಳು ಬಡಿಸಿದ್ದನ್ನು ಉಂಡವಳು ನಾನು, ಅದನ್ನು ನೋಡಿರಲಿಲ್ಲ.

"ನೀನಾ ಹಚ್ಚಿದ್ದ್?" ಎಂದೆ.

ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. ಸುಳ್ಳು ಹೇಳುವ ಪ್ರಯತ್ನ ಮಾಡಲಿಲ್ಲ. "ಬೋಳ್ ದೋಣಿ ಮಾರಾಯ್ತಿ, ಕಣ್ಣೆದ್ರಿಗೇ ಬಿದ್ಕಂಡಿತ್ತ್. ಇನ್ನ್ ಆ ಪ್ಲಾಸ್ಟಿಕ್ ಹಾಕಿರೆ ಅದ್ಕೆ ಜನ್ಮದಂಗೆ ಎಣ್ಣಿ ಸಿಕ್ಕುದಿಲ್ಲ ಅಲ್ದಾ? ಕಡೀ ಸರ್ತಿ ಅಂದೇಳಿ ಹಚ್ಚಿದೆ. ನಿನ್ ಅಪ್ಪಯ್ಯ ಇದ್ದಿರೆ ಬರೀ ಮೈಯಂಗೆ ಕಳ್ಸ್ತಿದ್ರಾ?"

ನನಗೆ ಸಿಟ್ಟು ಬಂತು, ಜೋರಾಗಿಯೇ ಬಂತು. ಅಳಿಯನ ಅನ್ನಕ್ಕೆ ಕಲ್ಲು ಹಾಕಿದೆಯಲ್ಲ ಎಂದು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಭಾವ ರೆಸಿನ್ ತರಲು ಕುಂದಾಪುರಕ್ಕೆ ಹೋಗಿದ್ದ ದಿನ ಅವಳು ಕವುಚಿದ ದೋಣಿಯ ಹೊರಮೈಗೆಲ್ಲ ಎಣ್ಣೆ ತಿಕ್ಕಿ, ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹೀರಿಕೊಳ್ಳಲು ಬಿಟ್ಟಿದ್ದಳಂತೆ. ಕೆರೆಸಿದ ಮೇಲೂ ಹಳೆಯ ಎಣ್ಣೆ ಕುಡಿದ ಮರ ಕಪ್ಪಾಗಿಯೇ ಇತ್ತು, ಹಚ್ಚಿದ್ದು ಯಾರಿಗೂ ತಿಳಿಯುವ ಹಾಗಿರಲಿಲ್ಲ. ಅಂಟು ಒಣಗದೇ ಇರುವುದಕ್ಕೂ ತನ್ನ ಎಣ್ಣೆಗೂ ಸಂಬಂಧ ಇರಬಹುದು ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ನಾನು ಬಿಡಿಸಿ ಹೇಳಿದ ಮೇಲೆ ಅವಳ ಮುಖ ಸಣ್ಣದಾಯಿತು.

"ಅವ್ರಿಗ್ ಹೇಳ್ಬೇಡ" ಎಂದಳು. ಅವರು ಎಂದರೆ ಭಾವ. ನಮ್ಮ ಅಮ್ಮ ಅಳಿಯನ ಎದುರು ನಿಂತು ಮಾತಾಡಿದವಳಲ್ಲ. ಹೇಳುವುದನ್ನೆಲ್ಲ ಅಕ್ಕನ ಮೂಲಕವೋ, ಇಲ್ಲವೇ ಗೋಡೆಯ ಕಡೆಗೆ ತಿರುಗಿಯೋ ಹೇಳುವುದು ಅವಳ ಪದ್ಧತಿ. "ಮಾವನ್ ದೋಣಿಗೆ ಚಂದ ಮಾಡಿ ಕೊಡ್ತೆ ಅಂದಿದ್ರ್ ಅವ್ರ್. ಹಾಳ್ ಮಾಡಿದ್ದ್ ನಾನ್ ಅಂತ ಗೊತ್ತಾರೆ ನಾನ್ ಮೋರಿ ಹ್ಯಾಂಗ್ ತೋರ್ಸುದ್?"

ಹೇಳಿದರೆ ಅಮ್ಮನ ಮುಖ ಹೋಗುತ್ತದೆ, ಹೇಳದಿದ್ದರೆ ಭಾವ ಬಾಂಬೆಗೆ ಹೋಗುತ್ತಾರೆ. ಸುಳ್ಳು ಬಾರದ ಯಂತ್ರ ಎಂದು ಮೆರೆದವಳು ನಾನು. ಆ ಕಾಗದ ಚೀಲದಲ್ಲಿ ಇದ್ದಷ್ಟು ಹೊತ್ತೂ ನನಗೆ ನೆಮ್ಮದಿ ಇರಲಿಲ್ಲ.

ಭಾನುವಾರ ದೋಣಿಯವರು ಬಂದೇ ಬಂದರು, ಜೊತೆಗೆ ಇಬ್ಬರನ್ನು ಕರೆದುಕೊಂಡು. ದೋಣಿಯನ್ನು ಹೇಗಿದೆಯೋ ಹಾಗೆ ಎತ್ತಿಕೊಂಡು ಹೋಗಿ ಬೇರೆ ಕಡೆ ಮಾಡಿಸುವುದು ಎಂದು ತೀರ್ಮಾನಿಸಿಕೊಂಡೇ ಬಂದಿದ್ದರು. ಅದು ಹೀಗೆ ಹೋದರೆ ಭಾವನ ಕೆಲಸದ ಕಥೆ ಅಲ್ಲಿಗೆ ಮುಗಿದಂತೆ. ನಾನು ಕಾಗದ ಹಿಡಿದುಕೊಂಡು ಶೆಡ್ಡಿಗೆ ಓಡಿದೆ. ಅಮ್ಮನ ಹೆಸರು ತೆಗೆಯದೆ ಭಾವನನ್ನು ಉಳಿಸಬಹುದು ಎಂಬುದು ನನ್ನ ಜಾಣತನ.

"ಹ್ವಾಯ್, ಒಂಚೂರ್ ನಿಲ್ಲಿ" ಎಂದೆ. ಗೆರೆಗಳನ್ನು ತೋರಿಸಿದೆ. ಮೇಲಿನ ಪದರ, ಒಳಗಿನ ಪದರ, ಕೊನೆಯ ಶಿಖರಗಳು, ಎಲ್ಲವನ್ನೂ ಬಿಡಿಸಿ ಹೇಳಿದೆ. ಹಾರ್ಡ್ನರ್ ಸರಿಯಾಗಿಯೇ ಇತ್ತು, ಮರದ ಮೇಲೆ ಹೊಸ ಗೇರೆಣ್ಣೆ ಇತ್ತು, ಅದರಿಂದ ಹೀಗಾಯಿತು. ಜೊತೆಗೆ ಬಂದವರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. ದೋಣಿಯವರು ಮಾತ್ರ ಪೂರ್ತಿ ಕೇಳಿಸಿಕೊಂಡರು. ದಡ್ಡರಲ್ಲ ಅವರು.

"ಸರಿ ಮಗಾ, ಒಪ್ಪ್ದೆ" ಎಂದರು. "ನಾನಂತೂ ಎಣ್ಣಿ ಮುಟ್ಟ್ಲಿಲ್ಲೆ. ದೋಣಿ ಇಪ್ಪುದ್ ಇಲ್ಲಿ. ಹಂಗಾರೆ ಹಚ್ಚಿದ್ದ್ ಯಾರ್? ನಿನ್ ಮಿಷನ್ ಅದನ್ ಹೇಳ್ತಾ?"

ಎಷ್ಟೋ ಜನರ ಎಣ್ಣೆ, ಬಣ್ಣ, ಪೈಪುಗಳ ಬಗ್ಗೆ ಖಡಾಖಂಡಿತವಾಗಿ ಬರೆದು ಕೊಟ್ಟವಳು, ನಮ್ಮದೇ ಹಿತ್ತಿಲಲ್ಲಿ ತಲೆ ತಗ್ಗಿಸಿ ನಿಂತೆ.

"ನಾನೇ ಹಚ್ಚಿದ್ದ್" ಎಂದರು ಭಾವ.

ಎಲ್ಲರೂ ಅವರ ಕಡೆ ತಿರುಗಿದರು.

"ಹಳೀ ದೋಣಿ, ಒಂಚೂರ್ ಎಣ್ಣಿ ಕುಡ್ದಿರೆ ಮರ ಗಟ್ಟಿ ಆತ್ ಅಂದೇಳಿ ಮಾಡ್ದೆ. ಹೋಟ್ಲಂಗಿದ್ದವ ಅಲ್ದಾ, ಗೊತ್ತಾಯ್ಲಿಲ್ಲೆ. ತಪ್ಪ್ ನಂದೇ."

ಫೈಬರ್ ಕೆಲಸ ಮಾಡುವವ ಫೈಬರಿನ ಅಡಿಗೆ ಎಣ್ಣೆ ಹಚ್ಚಿದೆ ಎನ್ನುವುದು ಹಾರ್ಡ್ನರ್ ಕದ್ದೆ ಎನ್ನುವುದಕ್ಕಿಂತ ಕೆಟ್ಟದ್ದು. ಕಳ್ಳನಿಗಾದರೂ ಮುಂದಿನ ಸಲ ಗದರಿಸಿ ಕೆಲಸ ಮಾಡಿಸಬಹುದು, ಕೆಲಸವೇ ಗೊತ್ತಿಲ್ಲದವನ ಕೈಗೆ ಯಾರು ದೋಣಿ ಕೊಡುತ್ತಾರೆ? ಜೊತೆಗೆ ಬಂದವರಲ್ಲಿ ಒಬ್ಬ ಆಗಲೇ ಮುಸಿಮುಸಿ ನಗುತ್ತಿದ್ದ. ಭಾವನೂ ಅವನ ಜೊತೆ ನಕ್ಕರು.

"ಅವ್ರಲ್ಲ."

ಅಮ್ಮ ಯಾವಾಗ ಬಂದು ತೆಂಗಿನ ಮರದ ಹತ್ತಿರ ನಿಂತಿದ್ದಳೋ ಯಾರೂ ನೋಡಿರಲಿಲ್ಲ. ಸೆರಗನ್ನು ಬಿಗಿಯಾಗಿ ಎಳೆದುಕೊಂಡು ಶೆಡ್ಡಿನ ಒಳಗೇ ಬಂದಳು. ಎಣ್ಣೆ ಹಚ್ಚಿದ್ದು ಹೊರಗೆ ಹಿತ್ತಿಲಿನಲ್ಲಿ, ಶೆಡ್ಡಿಗೆ ಅವಳು ಅವತ್ತಿನವರೆಗೂ ಕಾಲಿಟ್ಟಿರಲಿಲ್ಲ. ಗೋಡೆಯ ಕಡೆ ತಿರುಗಲಿಲ್ಲ, ಅಕ್ಕನನ್ನು ಕರೆಯಲಿಲ್ಲ. ದೋಣಿಯವರ ಎದುರು ಎರಡೂ ಅಂಗೈಗಳನ್ನು ಚಾಚಿದಳು.

"ಹಚ್ಚಿದ್ದ್ ನಾನ್. ಅವ್ರ್ ಊರಂಗೇ ಇರ್ಲಿಲ್ಲೆ ಆ ದಿನ. ಅವ್ರ ಕೆಲ್ಸದಂಗೆ ಎಂತ ತಪ್ಪಿಲ್ಲ. ಮರ್ವಂತಿಯಂಗೆ ಹೇಳುದಾರೆ ನನ್ ಹೆಸ್ರ್ ಹೇಳಿ."

ದೋಣಿಯವರು ಆ ಕೈಗಳನ್ನು ನೋಡಿದರು, ಆಮೇಲೆ ದೋಣಿಯನ್ನು ನೋಡಿದರು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ, ಅಪ್ಪಯ್ಯ ಆ ದೋಣಿಗೆ ಎಣ್ಣೆ ಹಚ್ಚುತ್ತಿದ್ದದ್ದನ್ನು ಕಂಡವರು ಅವರು. "ಎಣ್ಣಿ ಹಚ್ಚಿದ್ದಕ್ಕೆ ಯಾರಾರೂ ಬೈತ್ರಾ ಅತ್ಗಿ?" ಎಂದರು. ಭಾವನ ಕಡೆ ತಿರುಗಿ, ಇದನ್ನೆಲ್ಲ ಕೆರೆಸಿ ತೆಗೆದು ನೀವೇ ಇನ್ನೊಮ್ಮೆ ಹಾಕಿ, ಮಳೆ ಬಂದರೆ ಬರಲಿ, ನಾನು ಕಾಯುತ್ತೇನೆ ಎಂದರು. ತಾನು ಎಲ್ಲಿ ನಿಂತು ಬೈದಿದ್ದೆನೋ ಅಲ್ಲೇ ನಿಂತು ಹೇಳುತ್ತೇನೆ ಎಂದೂ ಹೇಳಿದರು. ಹೇಳಿಯೂ ಹೇಳಿದರಂತೆ, ಬೈದದ್ದಕ್ಕಿಂತ ಜೋರಾಗಿ.

ಅವರು ಹೋದ ಮೇಲೆ ಅಮ್ಮ ಬಿರಬಿರನೆ ಮನೆಗೆ ನಡೆದಳು. ಭಾವ ಕೆರೆಸುವ ಉಳಿ ಹುಡುಕುತ್ತಿದ್ದರು. ನಾನು ಬಿಡಲಿಲ್ಲ.

"ಅಮ್ಮ ಹಚ್ಚಿದ್ದ್ ಅಂತ ನಿಮ್ಗೆ ಯಾವಾಗ ಗೊತ್ತಾಯ್ತ್ ಭಾವ?"

"ಮೊದ್ಲೇ ಗೊತ್ತಿತ್ತ್. ಅಂಟ್ ಒಣಗ್ಲಿಲ್ಲ ಅಂದ್ಕೂಡ್ಲೆ ಹುಡ್ಕ್ದೆ. ನಿಮ್ ಮನಿ ಬಚ್ಚಲೊಲಿ ಹತ್ರ ಎಣ್ಣಿ ವರ್ಸಿದ್ ಬಟ್ಟಿ ಸಿಕ್ತ್. ಯಾರಾರೂ ಕಂಡ್ರೆ ಕಷ್ಟ ಅಂದೇಳಿ ಒಲಿಗ್ ಹಾಕ್ದೆ."

ಅಂದರೆ ಮೀನು ಮಾರುವ ಜಾಗದ ಮಾತು, ಬೀಜಾಡಿಯವರ ಫೋನು, ಸೇಟಿನ ಕರೆ, ಅಕ್ಕನ ಕಣ್ಣೀರು, ಎಲ್ಲವನ್ನೂ ಗೊತ್ತಿದ್ದೇ ನುಂಗಿಕೊಂಡಿದ್ದರು.

"ಮತ್ತೆ ನಂಗೆ ಚೂರ್ ತೆಗುಕೆ ಎಂತಕ್ಕೆ ಬಿಟ್ರಿ?" ಎಂದೆ.

"ನಿನ್ ಅಕ್ಕ ಬಾಗ್ಲಂಗ್ ನಿಂತಿದ್ಲಲೆ" ಎಂದರು ಭಾವ, ಉಳಿಯ ಬಾಯನ್ನು ಬೆರಳಲ್ಲಿ ಪರೀಕ್ಷಿಸುತ್ತಾ. "ಮತ್ತೆ ನೀನ್ ಹೇಳುದ್ರಂಗೆ ಅರ್ಧ ಬಡಾಯಿ ಅಂದ್ಕಂಡಿದ್ದೆ. ಎಣ್ಣಿ ಗುರ್ತ್ ಸಿಕ್ಕುದಿಲ್ಲ ಅಂದೇಳಿ ಧೈರ್ಯ ಇತ್ತ್."

ಆಮೇಲೆ ದೋಣಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಂಟು ಕೆರೆಸಲು ಶುರು ಮಾಡಿದರು. ನಾನು ಇನ್ನೊಂದು ಉಳಿ ತಂದು ಎದುರು ಕೂತೆ.